ತಂಗಿಯ ಪಿಂಚಣಿ, ನನ್ನ ಕೈಬರಹ

ನನ್ನ ಕೈಬರಹ ದುಂಡಗಿದೆ. ನಾನೇ ಹೇಳಿಕೊಳ್ಳಬಾರದು ನಿಜ. ಆದರೆ ತರೀಕೆರೆಯ ತಾಲೂಕು ಕಚೇರಿ ಎದುರಿನ ಮರದಡಿ ಮೇಜು ಹಾಕಿಕೊಂಡು ಮೂವತ್ತು ವರ್ಷ ಪತ್ರ ಬರೆದವನು ಅಷ್ಟಾದರೂ ಹೇಳಿಕೊಳ್ಳದಿದ್ದರೆ ಹೇಗೆ? ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಅಫಿಡವಿಟ್ಟು, ಎಲ್ಲ ಬರೆದಿದ್ದೇನೆ. ಈಗ ಕಂಪ್ಯೂಟರ್ ಬಂದು ಊರಿನವರ ಅಕ್ಷರವೆಲ್ಲ ಒಂದೇ ಆಗಿಹೋಗಿದೆ. ಆದರೂ ಹಳೆಯ ಕಡತ ಬಿಚ್ಚಿದ ಗುಮಾಸ್ತರು ಇದು ಇಂಥವರ ಕೈ ಎಂದು ಗುರುತು ಹಿಡಿದಾಗ ನನಗೆ ಒಳಗೊಳಗೇ ಹಿಗ್ಗು.

ಈ ಮೂವತ್ತು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬರೆದದ್ದು ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಗಂಡನ ಊರುಗಳಿಂದ ಕರೆಸುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ ನನ್ನ ಮೇಜಿಗೆ ಕರೆತರುತ್ತಾರೆ. ಹೆಣ್ಣುಮಕ್ಕಳು ಅಪ್ಪನ ಜಮೀನಿನಲ್ಲಿ ತಮಗೆ ಬರುವ ಪಾಲನ್ನು ಬಿಟ್ಟುಕೊಟ್ಟು ಸಹಿ ಹಾಕುತ್ತಾರೆ. ಬದಲಿಗೆ ಒಂದು ಸೀರೆ, ಮಡಿಲಿಗೆ ಅಕ್ಕಿ ಕಾಯಿ, ಹಬ್ಬಕ್ಕೆ ಕರೆಯುತ್ತೇವೆ ಎಂಬ ಮಾತು. ಕೆಲವರು ನಗುತ್ತಾ ಸಹಿ ಹಾಕುತ್ತಾರೆ, ಕೆಲವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹಾಕುತ್ತಾರೆ. ಸಹಿ ಹಾಕದವಳಿಗೆ ತವರಿನ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಇದು ಸರಿಯೋ ತಪ್ಪೋ ಎಂದು ನಾನು ಯಾವತ್ತೂ ತಲೆಕೆಡಿಸಿಕೊಂಡವನಲ್ಲ. ನನ್ನದು ಬರೆಯುವ ಕೆಲಸ.

ಹೋದ ವರ್ಷ ಕಡೂರಿನ ಒಂದು ಕಚೇರಿಯಲ್ಲಿ ನನ್ನ ಕೈಬರಹವನ್ನು ಮತ್ತೆ ಒಬ್ಬರು ಗುರುತು ಹಿಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಲ್ಲಿ ಪಿಂಚಣಿ ಕಡತ ನೋಡುತ್ತಿದ್ದವರು ನನ್ನ ಮಗಳ ವಯಸ್ಸಿನ ಅಧಿಕಾರಿಣಿ. ನಾನೇ ಬರೆದು ತಂದಿದ್ದ ಅರ್ಜಿಯನ್ನೊಮ್ಮೆ, ಅವರ ಕೈಲಿದ್ದ ನಮ್ಮ ತಂಗಿಯ ಗಂಡನ ಸೇವಾ ಪುಸ್ತಕವನ್ನೊಮ್ಮೆ ನೋಡಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಕುಟುಂಬದ ವಿವರ ಇದ್ದ ಪುಟದ ಮೇಲೆ ಬೆರಳಿಟ್ಟು, ಎರಡೂ ಒಂದೇ ಕೈ ಅಲ್ಲವೇ ಎಂದು ಕೇಳಿದರು. ಹೆಂಡತಿಯ ಹೆಸರು ಸರಿಯಾಗಿತ್ತು. ಹೆಂಡತಿಯ ತಂದೆಯ ಹೆಸರು ಎಂಬಲ್ಲಿ ನಮ್ಮಪ್ಪನ ಹೆಸರಿತ್ತು. ಹುಟ್ಟಿದ ಸ್ಥಳ ಎಂಬಲ್ಲಿ ಬುಕ್ಕಾಂಬುಧಿ ಕೆರೆಯ ಕೆಳಗಿನ ನಮ್ಮೂರಿತ್ತು. ಅಕ್ಷರ ದುಂಡಗೆ ಮುತ್ತು ಪೋಣಿಸಿದ ಹಾಗಿತ್ತು.

ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ತಂಗಿ ಹುಟ್ಟಿದ್ದು ನಮ್ಮೂರಿನಲ್ಲಲ್ಲ. ಅವಳು ಹುಟ್ಟಿದ್ದು ನೇಪಾಳದ ಪಶ್ಚಿಮದ ಬೆಟ್ಟಗಳಲ್ಲಿ, ನಮ್ಮಪ್ಪನನ್ನು ಕನಸಿನಲ್ಲೂ ಕಾಣದ ಒಬ್ಬ ಮನುಷ್ಯನಿಗೆ.

ಅವಳು ನಮಗೆ ತಂಗಿಯಾದದ್ದು ಹೀಗೆ. ಅವಳ ಅಣ್ಣ ಕೆಮ್ಮಣ್ಣುಗುಂಡಿಯ ಅತಿಥಿಗೃಹದಲ್ಲಿ ಅಡಿಗೆಯವನಾಗಿ ಬಂದಿದ್ದ. ಅವನ ಜೊತೆ ಇವಳೂ ಬಂದಳು, ಹದಿನೆಂಟು ದಾಟಿದ್ದ ಹುಡುಗಿ. ಅಲ್ಲಿನ ಸರ್ಕಾರಿ ತೋಟದಲ್ಲಿ ಮಾಲಿಯಾಗಿದ್ದವನು ನಮ್ಮ ಪಕ್ಕದ ಹಳ್ಳಿಯವನು, ನಮ್ಮಪ್ಪನ ಸ್ನೇಹಿತನ ಮಗ. ಗುಲಾಬಿಗೆ ಕತ್ತರಿ ಹಾಕುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮಾತಿನಲ್ಲಿ ಮಾತ್ರ ಮಹಾ ಮೊದ್ದು. ಅವರಿಬ್ಬರೂ ಯಾವ ಭಾಷೆಯಲ್ಲಿ ಒಪ್ಪಿಕೊಂಡರೋ ಶಿವನಿಗೇ ಗೊತ್ತು. ವಿಷಯ ಬೆಟ್ಟದಿಂದ ಇಳಿದು ಊರಿಗೆ ಬಂದಾಗ ದೊಡ್ಡ ರಂಪವಾಯಿತು. ಹಿರಿಯರು ಮಠದಲ್ಲಿ ಸಭೆ ಸೇರಿಸಿದರು. ಸ್ವಾಮಿಗಳು ಹುಡುಗಿಗೆ ಲಿಂಗಧಾರಣೆ ಮಾಡಲು ಒಪ್ಪಿದರು, ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಉಳಿದರ್ಧ ಹುಡುಗನ ತಾಯಿಯದು. ತವರಿಲ್ಲದ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ, ಧಾರೆ ಎರೆಯುವವರು ಯಾರು, ನಾಳೆ ಬಾಣಂತನಕ್ಕೆ ಎಲ್ಲಿಗೆ ಕಳಿಸಲಿ ಎಂದು ಆಕೆ ಪಟ್ಟು ಹಿಡಿದರು.

ನಮ್ಮಪ್ಪ ಸಭೆಯಲ್ಲಿ ಮಾತಾಡುವ ಗಂಡಸೇ ಅಲ್ಲ. ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿಗೆ ದರ ಕೂಗುವಾಗಲೂ ಅವರ ದನಿ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಆ ದಿನ ಎದ್ದು ನಿಂತು, ನಮಗೆ ಹೆಣ್ಣುಮಕ್ಕಳಿಲ್ಲ, ಧಾರೆಗೆ ನಾವು ಕೂರುತ್ತೇವೆ ಎಂದುಬಿಟ್ಟರು. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಅಮ್ಮ ಅಲ್ಲೇ ಕಂಬದ ಹತ್ತಿರ ಕೂತಿದ್ದವಳು ಹುಡುಗಿಯ ಮುಖ ನೋಡಿದಳಂತೆ, ತನ್ನ ಕೈಯ ಎರಡು ಬಳೆ ತೆಗೆದು ಅವಳ ಕೈಗೆ ಹಾಕಿದಳಂತೆ. ಒಂದು ವಾರದಲ್ಲಿ ಮದುವೆ. ಅಪ್ಪ ಅಮ್ಮ ಧಾರೆ ಎರೆದರು. ನಾನು ಹೆಣ್ಣಿನ ಅಣ್ಣನಾಗಿ ಹೆಗಲಿಗೆ ಶಲ್ಯ ಹಾಕಿಕೊಂಡು ಓಡಾಡಿದೆ.

ಅಲ್ಲಿಂದಾಚೆಗೆ ಗೌರಿ ಹಬ್ಬಕ್ಕೆ, ಯುಗಾದಿಗೆ ಅವಳು ಬೆಟ್ಟ ಇಳಿದು ನಮ್ಮೂರಿಗೆ ಬರುವುದು ತಪ್ಪಲಿಲ್ಲ. ಒಂದು ಮಗು ಹುಟ್ಟಿದ ದಿನವೇ ಹೋಯಿತು. ಆಗ ಅಮ್ಮ ಅವಳನ್ನು ಮೂರು ತಿಂಗಳು ಮನೆಯಲ್ಲಿಟ್ಟುಕೊಂಡು ಎಣ್ಣೆನೀರು ಹಾಕಿದಳು. ಮತ್ತೆ ಮಕ್ಕಳಾಗಲಿಲ್ಲ. ಕನ್ನಡ ಮಾತು ಅಮ್ಮನಿಂದ ಬಂತು. ಓದು ಬಂದದ್ದು ಗಂಡನಿಂದ. ಅವನು ತೋಟದ ಗಿಡಗಳಿಗೆ ಹೆಸರಿನ ತಗಡು ಬರೆಯುತ್ತಿದ್ದ. ಅವಳು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಕಲಿತಳು. ಇವತ್ತಿಗೂ ಏನನ್ನೇ ಓದಲಿ, ಗಿಡದ ಮುಂದೆ ನಿಂತವಳ ಹಾಗೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ.

ಮದುವೆಯಾಗಿ ಎರಡು ವರ್ಷಕ್ಕೆ ಭಾವನ ಕೆಲಸ ಕಾಯಂ ಆಯಿತು. ಕುಟುಂಬದ ವಿವರ ತುಂಬಿಕೊಡಬೇಕೆಂದು ಹೇಳಿ, ಕಚೇರಿಯವರು ಸೇವಾ ಪುಸ್ತಕದ ಆ ಪುಟ ತೆರೆದು ಕೊಟ್ಟು ಕಳಿಸಿದ್ದರು. ನಾನು ಆಗಷ್ಟೇ ಪತ್ರ ಬರೆಯುವ ಕೆಲಸಕ್ಕೆ ಕೂತಿದ್ದೆ, ಅಕ್ಷರದ ಪೊಗರಿತ್ತು. ನಮ್ಮ ಮನೆಯ ಜಗಲಿಯ ಮೇಲೇ ಕೂತು ತುಂಬಿದೆ. ತಂದೆಯ ಹೆಸರಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಹೊರದೇಶದ ಹೆಂಡತಿಗೆ ಸರ್ಕಾರದ್ದು ಏನೂ ಸಿಗುವುದಿಲ್ಲ ಎಂದು ಚಹಾದಂಗಡಿಯಲ್ಲಿ ಯಾರೋ ಭಾವನ ಕಿವಿ ಊದಿದ್ದರು, ಅವನು ಬೆವರುತ್ತಿದ್ದ. ಏನು ಬರೆಯಲಿ ಎಂದು ನಾನು ಕೇಳಿದೆ. ಅಪ್ಪ ಎಲೆ ಅಡಿಕೆ ಹಾಕುತ್ತಾ ಕೂತಿದ್ದವರು ತಲೆ ಎತ್ತಿದರು.

“ಧಾರೆ ಎರ್ದೋನು ನಾನ್ ಕಣಯ್ಯ. ಇನ್ಯಾರ್ ಹೆಸ್ರು ಬರೀತೀಯ?”

ಬರೆದೆ. ಅಪ್ಪನ ಹೆಸರು ಬಂದ ಮೇಲೆ ಊರೂ ನಮ್ಮದೇ ಇರಲಿ, ಹೊಂದಾಣಿಕೆಯಾಗುತ್ತದೆ ಎಂದು ಹುಟ್ಟಿದ ಸ್ಥಳವನ್ನೂ ಬರೆದೆ. ಆ ಹೊಂದಾಣಿಕೆಯ ಬುದ್ಧಿ ಪೂರ್ತಿ ನನ್ನದು. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗಾಗಲಿ ಅಲ್ಲಿದ್ದ ಯಾರಿಗಾಗಲಿ ಒಂದು ಕ್ಷಣವೂ ಅನ್ನಿಸಲಿಲ್ಲ.

ಭಾವ ನಿವೃತ್ತಿಗೆ ಎಂಟು ತಿಂಗಳಿದೆ ಎನ್ನುವಾಗ ತೋಟದಲ್ಲೇ ಕುಸಿದು ಹೋದ. ಕತ್ತರಿ ಕೈಯಲ್ಲೇ ಇತ್ತಂತೆ. ಕರ್ಮಾದಿಗಳು ಮುಗಿಯುವ ಮೊದಲೇ ಕ್ವಾರ್ಟರ್ಸ್ ಯಾವಾಗ ಬಿಡುತ್ತೀರಿ ಎಂಬ ಪ್ರಶ್ನೆ ಬಂತು. ಅಮ್ಮ ನಮ್ಮ ಮನೆಗೇ ಬಂದುಬಿಡು ಎಂದಳು. ತಂಗಿ ಒಪ್ಪಲಿಲ್ಲ. ತವರಿಗೆ ಬರಬೇಕು, ತವರಲ್ಲಿ ಇರಬಾರದು ಎಂದು ಅಮ್ಮನೇ ಹಿಂದೆ ಕಲಿಸಿದ್ದ ಮಾತನ್ನು ಅಮ್ಮನಿಗೇ ತಿರುಗಿಸಿದಳು. ತರೀಕೆರೆಯಲ್ಲಿ ಒಂದು ಬಾಡಿಗೆ ಕೋಣೆ, ಕುಂಡದಲ್ಲಿ ನಾಲ್ಕು ಗಿಡ, ಇಷ್ಟೇ ಅವಳ ಆಸೆ. ಅದಕ್ಕೆ ಗಂಡನ ಪಿಂಚಣಿ ಬೇಕು. ಅದು ಬರದಿದ್ದರೆ ಒಡಹುಟ್ಟಿದ ಅಣ್ಣನ ಹತ್ತಿರ ನೇಪಾಳದ ಬೆಟ್ಟದ ಊರಿಗೆ ಹೋಗಬೇಕು. ಅವನು ಎಂದೋ ಊರು ಸೇರಿದ್ದ, ತಾನೇ ಮಕ್ಕಳ ಕೈ ನೋಡಿಕೊಂಡಿದ್ದ. ಅಲ್ಲಿ ನನ್ನ ಗುರುತು ಹಿಡಿಯುವವರು ಯಾರಿದ್ದಾರೆ ಎಂದು ಅವಳು ಒಮ್ಮೆ ಮಾತ್ರ ಕೇಳಿದಳು.

ಕಚೇರಿಯಲ್ಲಿ ಅವಳ ವಯಸ್ಸಿಗೆ ದಾಖಲೆ ಕೇಳಿದರು. ಶಾಲೆಗೆ ಹೋದವಳಲ್ಲ, ಸರ್ಟಿಫಿಕೇಟು ಎಲ್ಲಿಂದ ಬರಬೇಕು. ಅವಳಲ್ಲಿ ಇದ್ದದ್ದು ಒಂದೇ ಕಾಗದ, ಅವಳ ದೇಶದವರು ಕೊಟ್ಟ ನಾಗರಿಕತೆಯ ಪತ್ರ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂವತ್ತು ವರ್ಷ ಕಾಪಾಡಿಕೊಂಡಿದ್ದಳು. ಮೊದಲು ನೋಡಿದ ಗುಮಾಸ್ತ ಜೋರಾಗಿ ನಕ್ಕ. ಅದರಲ್ಲಿದ್ದ ಹುಟ್ಟಿದ ವರ್ಷ ಇನ್ನೂ ಬಂದೇ ಇರಲಿಲ್ಲ. ಈಯಮ್ಮ ಹುಟ್ಟಕ್ಕೆ ಇನ್ನೂ ಟೈಮಿದೆ ಕಣ್ರೀ ಎಂದ. ಅವರ ಪಂಚಾಂಗ ನಮ್ಮದಕ್ಕಿಂತ ಐವತ್ತೇಳು ವರ್ಷ ಮುಂದೆ ಓಡುತ್ತದೆ ಎಂದು ತಿಳಿಸಿಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆದರೆ ಆ ಕಾಗದದಲ್ಲಿ ಇನ್ನೊಂದು ಸಾಲಿತ್ತು, ಅವಳ ಹೆತ್ತ ತಂದೆಯ ಹೆಸರು. ಅದನ್ನು ಗಮನಿಸಿದವರು ಅಧಿಕಾರಿಣಿ.

ಅವರು ಹೇಳಿದ್ದು ಸರಳವಾಗಿತ್ತು. ಪುಸ್ತಕದಲ್ಲಿರುವ ಹೆಂಡತಿ ಬುಕ್ಕಾಂಬುಧಿ ಕಡೆ ಹುಟ್ಟಿದವಳು, ಇಂಥವರ ಮಗಳು. ಎದುರಿಗೆ ಬಂದಿರುವವಳು ಬೇರೆ ದೇಶದಲ್ಲಿ ಹುಟ್ಟಿದವಳು, ಬೇರೆಯವರ ಮಗಳು. ಹೆಸರೊಂದೇ ಒಂದು. ಇಬ್ಬರೂ ಒಬ್ಬಳೇ ಎಂದು ತಾವು ಹೇಗೆ ನಂಬುವುದು? ಪುಸ್ತಕದ ಹೆಂಡತಿ ಎಲ್ಲೋ ಬದುಕಿದ್ದು ನಾಳೆ ಬಂದು ಕೇಳಿದರೆ ಏನು ಮಾಡುವುದು? ಹೊರದೇಶದವರಿಗೆ ಪಿಂಚಣಿ ಸಿಗುವುದಿಲ್ಲ ಎಂದು ಹೆದರಿ ಹೀಗಾಯಿತು ಎಂದು ನಾನು ತೊದಲಿದೆ. ಆಕೆ ಪೆನ್ನು ಕೆಳಗಿಟ್ಟರು.

“ನೇಪಾಳ ಅಂತ ಬರ್ದಿದ್ರೂ ಸಿಕ್ತಿತ್ತು ಕಣ್ರೀ. ಹೆಂಡ್ತಿ ಎಲ್ಲಿ ಹುಟ್ಟಿದ್ಲು ಅಂತ ನಿಯಮ ಕೇಳಲ್ಲ. ಹೆಂಡ್ತಿ ಹೌದಾ ಅಂತ ಕೇಳುತ್ತೆ, ಅಷ್ಟೆ.”

ಬೀರೂರಿಗೆ ಬಂದು ಬಸ್ಸು ಬದಲಿಸಿ ಊರು ಮುಟ್ಟುವವರೆಗೂ ನಾನು ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ನಿಯಮ ಕೇಳದ ಪ್ರಶ್ನೆಗೆ ನಾನು ಸುಳ್ಳು ಉತ್ತರ ಬರೆದಿದ್ದೆ. ಕಂಡಕಂಡವರ ಅರ್ಜಿಯಲ್ಲಿ ತಪ್ಪು ಹುಡುಕಿ ಬೈಯುವ ನನಗೆ ಆ ದಿನ ನನ್ನ ಮೇಲೇ ರೇಗಿ ಮೈ ಉರಿಯುತ್ತಿತ್ತು.

ಅಧಿಕಾರಿಣಿ ಪರಿಹಾರವನ್ನೂ ಹೇಳಿದ್ದರು. ತಂಗಿ ನಮ್ಮ ತಂದೆ ತಾಯಿಗೆ ಹುಟ್ಟಿದ ಮಗಳಲ್ಲ ಎಂದು ಅಮ್ಮ ಅಫಿಡವಿಟ್ಟು ಕೊಡಬೇಕು. ಜೊತೆಗೆ ಕಂದಾಯ ಇಲಾಖೆಯಿಂದ ನಮ್ಮ ಮನೆಯ ವಂಶವೃಕ್ಷ, ಅಂದರೆ ಅಪ್ಪನಿಗೆ ಮಕ್ಕಳು ಯಾರು ಯಾರು ಎಂದು ತೋರಿಸುವ ಪಟ್ಟಿ ತರಬೇಕು. ಅದರಲ್ಲಿ ಹೆಣ್ಣುಮಗಳು ಇಲ್ಲ ಎಂದಾದರೆ ಪುಸ್ತಕದಲ್ಲಿ ಬರೆದದ್ದು ತಪ್ಪು ಎಂದು ತಿದ್ದಬಹುದು.

ಅಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ನಾನು ಬರೆದದ್ದನ್ನು ಓದಿಸಿ ಕೇಳಿದಳು. ಮಗಳಲ್ಲ ಎಂಬ ಮಾತು ಬಂದದ್ದೇ ತಡ, ಹೆಬ್ಬೆಟ್ಟು ಒತ್ತಲು ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡಳು. ಪಿಂಚಣಿ ಬೇಕಾದರೆ ಇದು ಬೇಕು ಎಂದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಮುದ್ದೆ ಬಡಿಸುತ್ತಾ ಹೇಳಿದಳು.

“ಹೆತ್ತಿಲ್ಲ ಅಂತ ಬೇಕಾರೆ ಬರ್ಕೊ. ಮಗ್ಳಲ್ಲ ಅಂತ ಬರೀಬೇಡ.”

ಹಾಗೇ ಬರೆದೆ. ಸದರಿಯವರು ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ನಾವು ಧಾರೆ ಎರೆದು ಕೊಟ್ಟವರು ಎಂದು. ಅಮ್ಮ ಹೆಬ್ಬೆಟ್ಟು ಒತ್ತಿದಳು. ಅಮ್ಮನ ಪಾಲಿಗೆ ಕೆಲಸ ಮುಗಿಯಿತು.

ನನ್ನ ಪಾಲಿನದು ಬೀರುವಿನಲ್ಲಿತ್ತು. ವಂಶವೃಕ್ಷವನ್ನು ಹೊಸದಾಗಿ ಮಾಡಿಸುವ ಅಗತ್ಯವೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಅಪ್ಪ ಹೋದಾಗ, ಕೆರೆ ಕೆಳಗಿನ ಎರಡೂವರೆ ಎಕರೆಯ ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. ಅಪ್ಪನ ಸಮಾಧಿಗೆ ಮಗಳಾಗಿ ಮೂರು ಹಿಡಿ ಮಣ್ಣು, ವಿಭೂತಿ ಹಾಕಿದವಳು ಅವಳೊಬ್ಬಳೇ. ಊರೆಲ್ಲ ನೋಡಿತ್ತು. ಅದಾದ ತಿಂಗಳಿಗೆ ಅಜ್ಜಂಪುರದಲ್ಲಿ ಗ್ರಾಮಲೆಕ್ಕಿಗರು ಮಕ್ಕಳೆಷ್ಟು ಎಂದು ಕೇಳಿದಾಗ ನಾನು ಒಬ್ಬನೇ ಎಂದೆ. ನನ್ನ ನಾಲಿಗೆ ತಡವರಿಸಲಿಲ್ಲ. ವಂಶವೃಕ್ಷವನ್ನು ನಾನೇ ಬರೆದೆ. ಮೇಲೆ ಅಪ್ಪ ಅಮ್ಮ, ಕೆಳಗೆ ಒಂದೇ ಗೆರೆ, ಗೆರೆಯ ತುದಿಗೆ ನಾನು. ಅಮ್ಮ ಆಗ, ಅವಳ ಹೆಸರೆಲ್ಲಿ ಎಂದು ಕೇಳಿದ್ದಳು. ಕಾನೂನು ಕೇಳುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದೆ.

ಕಾನೂನಿನ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ. ಯಾವ ವಕೀಲರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ನನ್ನ ಎದೆಗೆ ಚುಚ್ಚಿದ್ದು ಬೇರೆ. ಖರ್ಚಿಲ್ಲದ ಕಡೆ ತಂಗಿ ಎಂದು ದುಂಡಗೆ ಬರೆದವನು, ಜಮೀನಿನ ವಿಷಯ ಬಂದಾಗ ಅವಳು ಯಾರೆಂದು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ. ಆ ಕಾಗದವನ್ನು ಈಗ ಅವಳ ಎದುರಿಗೇ ತೆಗೆಯಬೇಕಿತ್ತು.

ಮೂರು ವಾರ ತಳ್ಳಿದೆ. ಸರ್ವರ್ ಇಲ್ಲ ಎಂದೆ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂದೆ, ಜ್ವರ ಎಂದೆ. ಅತ್ತ ಕ್ವಾರ್ಟರ್ಸಿನ ಗಡುವು ಹತ್ತಿರ ಬರುತ್ತಿತ್ತು. ಒಂದು ದಿನ ತಂಗಿ ಫೋನ್ ಮಾಡಿ, ಪಾತ್ರೆ ಎಲ್ಲ ಕಟ್ಟಿಟ್ಟಿದ್ದೇನೆ, ಇನ್ನು ಟಿಕೆಟ್ ಯಾವ ಕಡೆಗೆ ಎಂದು ನೀನು ಹೇಳಬೇಕು ಅಷ್ಟೇ ಎಂದಳು. ಆಪಾದನೆ ಇರಲಿಲ್ಲ ಅವಳ ದನಿಯಲ್ಲಿ. ಮರುದಿನ ಬೆಳಿಗ್ಗೆಯೇ ಬೀರು ತೆಗೆದೆ.

ಕಡೂರಿನಲ್ಲಿ ಅಧಿಕಾರಿಣಿ ವಂಶವೃಕ್ಷ ನೋಡಿ, ಇದೇ ಬೇಕಿತ್ತು, ಸಾಕು ಎಂದರು. ನಕಲಿಗೆ ತಂಗಿಯ ಸಹಿ ಬೇಕೆಂದು ಅವಳ ಕಡೆ ಸರಿಸಿದರು. ಸಹಿ ಹಾಕಿ ಕೊಟ್ಟುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಬೆರಳಿಟ್ಟಳು. ಅಪ್ಪನ ಹೆಸರು ಓದಿದಳು, ಅಮ್ಮನ ಹೆಸರು ಓದಿದಳು. ಬೆರಳು ಗೆರೆಯ ಮೇಲೆ ಇಳಿದು ನನ್ನ ಹೆಸರಿಗೆ ಬಂತು. ಅದರ ಪಕ್ಕದ ಖಾಲಿ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತಿತು. ಕೆಳಗೆ ತಾರೀಖಿತ್ತು, ಅಪ್ಪ ಹೋದ ವರ್ಷ. ಅದನ್ನೂ ಓದಿದಳು. ಆಮೇಲೆ ಸಹಿ ಹಾಕಿದಳು.

“ಇದ್ರಲ್ಲಿ ಸರಿಯಾಗ್ ಬರ್ದಿದೀಯ ಕಣಣ್ಣ,” ಎಂದಳು.

ಕೊಂಕಿಗೆ ಹೇಳಿದ್ದಲ್ಲ, ಕೆಲಸವಾಯಿತಲ್ಲ ಎಂಬ ಸಮಾಧಾನಕ್ಕೇ ಹೇಳಿದ್ದು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ನನಗೆ ಅಲ್ಲಿ ಕೂರಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ.

ಎರಡು ತಿಂಗಳಿಗೆ ಪಿಂಚಣಿ ಮಂಜೂರಾಯಿತು. ಪುಸ್ತಕದಲ್ಲಿದ್ದ ನನ್ನ ಎರಡು ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಅವಳ ಬೆಟ್ಟದ ಊರು, ಅವಳ ಹೆತ್ತಪ್ಪನ ಹೆಸರು ಬರೆದರು. ತರೀಕೆರೆಯಲ್ಲಿ ಕೋಣೆ ಸಿಕ್ಕಿತು, ಕಿಟಕಿಯ ಹತ್ತಿರ ಕುಂಡಗಳು ಬಂದವು. ಎಲ್ಲ ಆಯಿತು. ನಾನು ಮಾತ್ರ ಅವಳ ಕೋಣೆ ಇರುವ ಬೀದಿ ಬಿಟ್ಟು ಬಳಸಿಕೊಂಡು ಓಡಾಡುತ್ತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಅಮ್ಮ ಬೆಳಗಿನಿಂದ ಬಾಗಿಲು ನೋಡುತ್ತಿದ್ದಳು. ಗಂಡ ಹೋದವಳನ್ನು ಈ ಹಬ್ಬಕ್ಕೆ ಕರೆಯುವುದುಂಟೇ ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ, ಮಡಿಲಿಗೆ ಅಕ್ಕಿ ಹಾಕೋಳು ನಾನು, ಅವಳ ಗಂಡನಲ್ಲ ಎಂದು ಅಮ್ಮ ಆಕೆಯ ಬಾಯಿ ಕಟ್ಟಿದ್ದಳು. ನನಗೆ ಬೇರೆಯೇ ಅಳುಕು. ಆ ಖಾಲಿ ಜಾಗ ನೋಡಿದ ಮೇಲೂ ಅವಳು ಬರುತ್ತಾಳೆಯೇ? ಮಧ್ಯಾಹ್ನದ ಬಸ್ಸಿಗೆ ಬಂದಳು. ಊಟ ಮಾಡಿದಳು, ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದಳು. ಆಮೇಲೆ ಚೀಲದಿಂದ ಒಂದು ಛಾಪಾ ಕಾಗದ ತೆಗೆದು ನನ್ನ ಮುಂದಿಟ್ಟಳು. ತರೀಕೆರೆಯಲ್ಲಿ ನನ್ನ ಮೇಜಿನ ಎದುರಿಗೇ ಕೊಂಡು ತಂದಿದ್ದಳು, ನನಗೆ ಗೊತ್ತಾಗದ ಹಾಗೆ.

ಹಕ್ಕು ಬಿಡುಗಡೆ ಪತ್ರ ಬರೆದುಕೋ ಎಂದಳು. ನನಗೆ ಅರ್ಥವಾಗಲಿಲ್ಲ. ಕೆರೆ ಕೆಳಗಿನ ಜಮೀನಿಗೆ ಎಂದಳು. ನಾನು ಕಸುಬಿನ ಮಾತಾಡಿದೆ. ನಿನಗೆ ಅದರಲ್ಲಿ ಹಕ್ಕಿಲ್ಲ, ಇಲ್ಲದ ಹಕ್ಕನ್ನು ಬಿಡಲು ಬರುವುದಿಲ್ಲ, ಈ ಪತ್ರ ಎಲ್ಲೂ ನಡೆಯುವುದಿಲ್ಲ ಎಂದೆ.

“ನಡೀದಿದ್ರೆ ಬೇಡ ಬಿಡು. ಎಲ್ಲರ್ ತಂಗೀರ್ದೂ ಬರ್ದಿದೀಯಲ್ಲ. ನನ್ದೂ ಒಂದ್ ಬರಿ.”

ಅಮ್ಮ ಗೋಡೆಗೆ ಒರಗಿದ್ದವಳು ಬರಿಯೋ ಎಂದಳು. ಪೆನ್ನು ತೆಗೆದುಕೊಂಡೆ. ಸಾವಿರ ಸಲ ಬರೆದ ಸಾಲು, ನೋಡದೆ ಬರೆಯಬಲ್ಲೆ. ದಿವಂಗತ ಇಂಥವರ ಮಗಳಾದ ನಾನು, ನನ್ನ ಅಣ್ಣನಾದ ಇಂಥವರಿಗೆ, ನನ್ನ ಸ್ವಸಂತೋಷದಿಂದ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ. ಅಷ್ಟು ಬರೆಯುವುದರೊಳಗೆ ಅಕ್ಷರ ಸೊಟ್ಟಗಾಯಿತು. ಪೂರ್ತಿ ಬರೆದು ಓದಿ ಹೇಳಿದೆ. ಅವಳು ಬೆರಳಿಟ್ಟು ತಾನೂ ಒಮ್ಮೆ ಓದಿಕೊಂಡು ಸಹಿ ಹಾಕಿದಳು. ಸಾಕ್ಷಿಗೆ ಅಮ್ಮನ ಹೆಬ್ಬೆಟ್ಟು ಬೇಕಿತ್ತು. ಕಾಗದವನ್ನು ಅವಳ ಮುಂದಿಟ್ಟೆ. ಅಮ್ಮ ಒತ್ತಲಿಲ್ಲ.

“ಮೊದ್ಲುನೇ ಸಾಲು ಇನ್ನೊಂದ್ಸಲ ಓದು,” ಎಂದಳು.

ಓದಿದೆ.